ಚಿತ್ರದ ಬಲಭಾಗ

ಜನವರಿ 9

ಪುಟ್ಟಿ,

ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಇರಲಿ. ಮೆಸೇಜ್ ಕಳಿಸಿದರೆ ‘ಪತ್ರ ಬರಿ’ ಎಂಬ ಎರಡೇ ಪದದ ಉತ್ತರ. ನಿನ್ನ ಅಮ್ಮನೂ ಹೀಗೇ ಇದ್ದಳು, ಸಿಟ್ಟು ಬಂದರೆ ಅಡುಗೆಮನೆಯಿಂದ ಸ್ಟುಡಿಯೋಗೆ ಚೀಟಿ ಕಳಿಸುತ್ತಿದ್ದಳು. ನನಗೆ ಬರೆದು ಅಭ್ಯಾಸ ತಪ್ಪಿ ಎಷ್ಟೋ ಕಾಲವಾಯಿತು. ಆದರೂ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ಆಗುತ್ತಿಲ್ಲ.

ಸಿಕ್ಕಿತು ಕಣೇ! ಐವತ್ತು ಎಂ.ಎಂ. ಲೆನ್ಸ್, ಬೆಳಕು ಒಳಗೆ ಬಿಡುವ ಬಾಯಿ 1.2. ಮದುವೆಗೆ ಮುಂಚೆ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ ಎನ್ನುತ್ತಿದ್ದೆನಲ್ಲ, ಅದೇ. ಹಾಸಿಗೆ ಹಿಡಿದ ಹಳೇ ಛಾಯಾಗ್ರಾಹಕನೊಬ್ಬನ ಮನೆಯ ಕಪಾಟಿನಲ್ಲಿ ಮಲಗಿತ್ತು. ಕೊಡುವಾಗ ಮನುಷ್ಯ ಅತ್ತುಬಿಟ್ಟ. ನಾನೇನು ಮಾಡಲಿ? ನಾನು ಟಾರ್ಚ್ ಹಾಕಿ ಗಾಜಿನೊಳಗೆ ಬೂಜು ಹಿಡಿದಿದೆಯೇ ಎಂದು ನೋಡುತ್ತಿದ್ದೆ. ಒಂದು ಚುಕ್ಕೆಯೂ ಇಲ್ಲ. ಬೆಳಕಿಗೆ ಹಿಡಿದರೆ ಒಳಗೆ ನೇರಳೆ, ಆಮೇಲೆ ಜೇನಿನ ಬಣ್ಣ. ಫೋಕಸ್ ಬಳೆ ತಿರುಗಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹೊಸ ಕ್ಯಾಮೆರಾ ಕೂಡ ಬಂದಿದೆ. ಕತ್ತಲಕೋಣೆಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ಸಾಕು, ಈ ಜೋಡಿ ಹಗಲು ಮಾಡಿಬಿಡುತ್ತದೆ. ಚಿತ್ರದಲ್ಲಿ ರೆಪ್ಪೆಯ ಕೂದಲು ಚೂಪಾಗಿ ಬಂದರೆ ಕಿವಿ ಆಗಲೇ ಹೊಗೆಯಂತೆ ಮಸುಕು!

ಇನ್ನು ನಿನ್ನ ಕೆಲಸ. ಸ್ಟುಡಿಯೋ ಕಿಟಕಿ ಅಲ್ಲೇ ಇದೆ, ಕುರ್ಚಿ ಅಲ್ಲೇ ಇದೆ. ನೀನು ಕೂಸಾಗಿದ್ದಾಗಿನಿಂದ ನಾನು ಕೊಂಡ ಪ್ರತಿ ಲೆನ್ಸಿನ ಮೊದಲ ಚಿತ್ರ ನಿನ್ನದೇ. ನಾನು ನೆಟ್‌ನಲ್ಲಿ ಬರೆಯುವ ಪುಟದ ಓದುಗರೆಲ್ಲ ‘ಕಿಟಕಿ ಹುಡುಗಿ ಎಲ್ಲಿ’ ಎಂದು ಪ್ರಾಣ ತಿನ್ನುತ್ತಿದ್ದಾರೆ. ಅದೇ ಮುಖ, ಅದೇ ಬೆಳಕು ಇಲ್ಲದಿದ್ದರೆ ಒಂದು ಲೆನ್ಸನ್ನು ಇನ್ನೊಂದಕ್ಕೆ ಹೋಲಿಸುವುದು ಹೇಗೆ? ಒಂದು ಗಂಟೆಯ ಮಟ್ಟಿಗೆ ಬಂದು ಹೋಗು.

ನಿನ್ನ ಅಪ್ಪ


ಜನವರಿ 21

ಅಪ್ಪ,

ಲೆನ್ಸ್ ಸಿಕ್ಕಿದ್ದಕ್ಕೆ ಸಂತೋಷ. ನಾನು ಬರುವುದಿಲ್ಲ. ಕುರ್ಚಿಯ ಮೇಲೆ ಹೂದಾನಿ ಇಟ್ಟು ತೆಗೆ. ಹೂದಾನಿಗೆ ಕತ್ತು ನೋಯುವುದಿಲ್ಲ.

ನಾನು ಸಣ್ಣವಳಿದ್ದಾಗ ಜ್ವರ ಬಂದರೆ ನಿನಗೆ ಖುಷಿಯಾಗುತ್ತಿತ್ತು. ಕಣ್ಣಲ್ಲಿ ಹೊಳಪಿದೆ, ಮಗು ಅಲ್ಲಾಡುವುದಿಲ್ಲ ಎನ್ನುತ್ತಿದ್ದೆ. ಅಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನೀರು ಕೇಳಿದಾಗ, “ಒಂದ್ನಿಮಿಷ ಹಾಗೇ ಇರು, ಬೆಳಕು ತುಟಿ ಮೇಲೆ ಬಿದ್ದಿದೆ” ಅಂದೆ. ಲೋಟ ನನ್ನ ಕೈಯಲ್ಲಿತ್ತು. ಅಮ್ಮ ಹಾಗೇ ಇದ್ದಳು. ನಿನಗಾಗಿ ಹಾಗೇ ಇರುವುದು ಅವಳಿಗೆ ರೂಢಿಯಾಗಿತ್ತು. ನನಗೆ ಆ ರೂಢಿ ಬಿಟ್ಟುಹೋಗಿದೆ.

ಮತ್ತೆ, ನಾನು ಮೊದಲಿನ ಹಾಗಿಲ್ಲ. ನಿನ್ನ ಹೋಲಿಕೆಗೆ ಉಪಯೋಗವಾಗುವುದಿಲ್ಲ.

ಫೋನ್ ಮಾಡಬೇಡ. ಏನಿದ್ದರೂ ಬರಿ.

ನಿನ್ನ ಮಗಳು


ಫೆಬ್ರವರಿ 4

ಪುಟ್ಟಿ,

‘ಮೊದಲಿನ ಹಾಗಿಲ್ಲ’ ಎಂದು ಓದಿ ನಕ್ಕೆ. ಯಾರು ತಾನೇ ಇದ್ದಾರೆ? ದಪ್ಪಗಾಗಿದ್ದೀಯಾ? ಕೂದಲು ಬೆಳ್ಳಗಾಯಿತಾ? ಹಳೇ ಗಾಜು ದೊಡ್ಡ ಮನಸ್ಸಿನದು, ಬಾಯಿ ಪೂರ್ತಿ ತೆರೆದರೆ ಚರ್ಮದ ಮೇಲೆ ಹಾಲಿನ ಕೆನೆಯಂಥ ಒಂದು ಪದರ ಎಳೆಯುತ್ತದೆ. ನಿನ್ನ ಸುಕ್ಕು ನನಗೂ ಕಾಣದು, ನಿನಗೂ ಕಾಣದು.

ಹೂದಾನಿ ಬಿಡು, ಮೊನ್ನೆ ಭಾನುವಾರ ನಮ್ಮ ಕ್ಯಾಮೆರಾ ಗುಂಪು ಸೇರಿದಾಗ ಕನ್ನಡಕದ ಅಂಗಡಿಯವನ ಹೆಂಡತಿಯನ್ನೇ ಕೂರಿಸಿದೆ. ನಾದಿಟ್ಟ ಹಿಟ್ಟಿಗೆ ಎರಡು ಗುಂಡಿ ಒತ್ತಿದ ಹಾಗೆ ಬಂತು. ಎಲ್ಲರ ಮುಂದೆ ಅದನ್ನು ಹೇಳಿಯೂಬಿಟ್ಟೆ. ಆಕೆ ಚಹಾ ಮುಗಿಸದೆ ಎದ್ದು ಹೋದಳು. ಇವನು ಆಕೆಯ ಅರ್ಧ ಲೋಟ ಎತ್ತಿಟ್ಟ. ದಿನಾ ಜನರ ಕಣ್ಣಿಗೆ ಗಾಜು ಹೊಂದಿಸುವವನು, ಇವನಿಗಾದರೂ ಅರ್ಥವಾಗಬೇಡವೇ? ಮುಖ ಎಲ್ಲರಿಗೂ ಇರುತ್ತದೆ, ಬೆಳಕು ಹಿಡಿಯುವ ಮುಖ ಸಾವಿರಕ್ಕೊಂದು.

ಇನ್ನೊಂದು ವಿಷಯ. ಲೆನ್ಸುಗಳಿಗೆ ತೇವ ತಾಗಬಾರದು. ಅಮ್ಮನ ಕೋಣೆಯೇ ಮನೆಯಲ್ಲಿ ಹೆಚ್ಚು ಒಣಗಿರುವುದು. ಅಲ್ಲಿ ಕಪಾಟು ಮಾಡಿಸಲು ಬಡಗಿ ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅವಳ ಬಟ್ಟೆ, ಹೊಲಿಗೆ ಯಂತ್ರ, ಪೆಟ್ಟಿಗೆ ಎಲ್ಲ ತಿಂಗಳ ಕೊನೆಗೆ ಹಳೇ ಸಾಮಾನಿನವನಿಗೆ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು. ಬೆಳಗ್ಗೆ ಬಾ, ಕಿಟಕಿಯ ಬೆಳಕು ಮಧ್ಯಾಹ್ನಕ್ಕೆ ಸತ್ತುಹೋಗುತ್ತದೆ.

ನಿನ್ನ ಅಪ್ಪ


ಫೆಬ್ರವರಿ 17

ಅಪ್ಪ,

ಎಲ್ಲಿ ಒತ್ತಿದರೆ ಬಾಗಿಲು ತೆರೆಯುತ್ತದೆ ಎಂದು ನಿನಗೆ ಚೆನ್ನಾಗಿ ಗೊತ್ತು.

ತಿಂಗಳ ಕೊನೆಯ ಶನಿವಾರ ಬರುತ್ತೇನೆ. ಅಮ್ಮನ ಪೆಟ್ಟಿಗೆಗೆ, ಹೊಲಿಗೆ ಯಂತ್ರಕ್ಕೆ. ಕುರ್ಚಿಯಲ್ಲಿ ಒಂದು ಗಂಟೆ ಕೂರುತ್ತೇನೆ. ನಿನ್ನ ಗುಂಪಿನವರು ಯಾರೂ ಇರಕೂಡದು. ಚಿತ್ರವನ್ನು ಯಾರಿಗೂ ತೋರಿಸಕೂಡದು. ಇಷ್ಟಕ್ಕೆ ಒಪ್ಪಿದರೆ ಮಾತ್ರ.

ನಾನೀಗ ರೈಲು ನಿಲ್ದಾಣದ ಘೋಷಣೆ ಕೋಣೆಯಲ್ಲಿಲ್ಲ, ಕೆಳಗೆ ಕಳೆದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ಛತ್ರಿ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಕಿಟಕಿ ಇಲ್ಲದ ಕೋಣೆ. ನನಗೆ ಅದೇ ಹಿತವಾಗಿದೆ.

ನಿನ್ನ ಮಗಳು


ಮಾರ್ಚ್ 6

ಪುಟ್ಟಿ,

ನೀನು ಹೋದಾಗಿನಿಂದ ನಾನು ಸರಿಯಾಗಿ ಊಟ ಮಾಡಿಲ್ಲ, ಪರದೆಯ ಮುಂದೆ ಕೂತೇ ಇದ್ದೇನೆ.

ನೀನು ಮೊದಲೇ ಹೇಳಬೇಕಿತ್ತು. ಬಾಗಿಲಲ್ಲಿ ನಿಂತು ಮುಸುಕು ಸರಿಸಿದಾಗಲೇ ನನಗೆ ಕಂಡದ್ದು. ಎಡಗೆನ್ನೆ ಇಳಿದಿದೆ, ತುಟಿಯ ತುದಿ ಯಾರೋ ದಾರ ಕಟ್ಟಿ ಎಳೆದ ಹಾಗಿದೆ. ಆ ಕ್ಷಣ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ಮೂವತ್ತು ವರ್ಷದ ಸರಣಿ ಹಾಳಾಯಿತಲ್ಲ ಎಂದುಕೊಂಡೆ. ಆಮೇಲೆ ಕ್ಯಾಮೆರಾ ಕಣ್ಣಿಗಿಟ್ಟೆ.

ಏನು ಹೇಳಲಿ! ಒಂದೇ ಮುಖದಲ್ಲಿ ಎರಡು ಮುಖ. ಬಲಗಣ್ಣು ನನ್ನನ್ನು ದುರುಗುಟ್ಟಿ ನೋಡುತ್ತಿದೆ, ಎಡಗಣ್ಣು ಎಲ್ಲೋ ಹೊರಟುಹೋಗಿದೆ. ಆ ಕಣ್ಣು ಮಿಟುಕುವುದೂ ಇಲ್ಲವಲ್ಲ, ಫೋಕಸ್ ಹಿಡಿಯಲು ಎಂಥ ಅನುಕೂಲ. ಬೇರೆಯವರು ರೆಪ್ಪೆ ಬಡಿದು ಅರ್ಧ ಚಿತ್ರ ಕೆಡಿಸುತ್ತಾರೆ. ಕೆನ್ನೆ ಇಳಿದಲ್ಲಿಂದ ಬೆಳಕು ಹೇಗೆ ಜಾರಿ ಕತ್ತಲಾಗಿದೆ ನೋಡಬೇಕು ನೀನು! ಜೀವಮಾನದಲ್ಲಿ ಇಂಥದ್ದೊಂದು ತೆಗೆದಿರಲಿಲ್ಲ.

ಯಾವ ಡಾಕ್ಟರು? ಏನಂತೆ? ಸರಿಹೋಗುತ್ತದೆಯಾ? ಸರಿಹೋಗುವುದಾದರೆ ಅದಕ್ಕೆ ಮುಂಚೆ ಇನ್ನೊಂದು ಸಲ ಬಂದು ಕೂರು.

ಹೊಲಿಗೆ ಯಂತ್ರ ಬಿಟ್ಟುಹೋಗಿದ್ದೀಯ. ಭಾರವೆಂದು ಕಾಣುತ್ತದೆ. ನಾನು ಕೊನೆಯ ಚಿತ್ರಗಳನ್ನು ನೋಡುತ್ತಿದ್ದೆ, ನೀನು ಹೊರಟದ್ದು ಗೊತ್ತಾಗಲಿಲ್ಲ.

ಯಾರಿಗೂ ತೋರಿಸುವುದಿಲ್ಲ. ಮಾತು ಮಾತೇ.

ನಿನ್ನ ಅಪ್ಪ


ಮಾರ್ಚ್ 15

ಅಪ್ಪ,

ಕೊನೆಗೂ ಕೇಳಿದೆಯಲ್ಲ, ಹೇಳುತ್ತೇನೆ.

ಕಳೆದ ವರ್ಷ ಕಿವಿಯ ಹಿಂದೆ ಗಂಟು ಬಂತು. ತೆಗೆಯಲೇಬೇಕು ಎಂದರು. ತೆಗೆಯುವಾಗ ಮುಖದ ನರವೂ ಹೋಯಿತು. ಸರಿಹೋಗುವುದಿಲ್ಲ. ಮಲಗುವಾಗ ಎಡಗಣ್ಣಿಗೆ ಪಟ್ಟಿ ಅಂಟಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ತೆರೆದೇ ಇರುತ್ತದೆ, ಒಣಗಿ ಉರಿಯುತ್ತದೆ. ನೀರು ಕುಡಿದರೆ ಎಡಗಡೆಯಿಂದ ಸೋರುತ್ತದೆ. ನನ್ನನ್ನು ಮದುವೆಯಾಗಬೇಕಿದ್ದವರು ಮೂರು ಸಲ ಆಸ್ಪತ್ರೆಗೆ ಬಂದರು. ಮೂರನೇ ಸಲ ನನ್ನ ಮುಖ ಬಿಟ್ಟು ಕೋಣೆಯ ಎಲ್ಲವನ್ನೂ ನೋಡಿದರು.

ತುಟಿ ಕೂಡುವುದಿಲ್ಲ. ತುಟಿ ಕೂಡದೆ ಏನೇನು ಹೇಳಲಾಗುವುದಿಲ್ಲ ಎಂದು ನೀನು ಯಾವತ್ತಾದರೂ ಯೋಚಿಸಿದ್ದೀಯಾ? ಪ್ಲಾಟ್‌ಫಾರ್ಮ್ ಎನ್ನಲಾಗುವುದಿಲ್ಲ, ಅದಕ್ಕೇ ಕೆಳಗಿನ ಕೋಣೆ. ಅಮ್ಮ ಎನ್ನಲಾಗುವುದಿಲ್ಲ. ಬಾಗಿಲಲ್ಲಿ ನಿಂತು ನಾನು ನಿನ್ನನ್ನು ಕರೆದೆ. ನಿನಗೆ ಕೇಳಿಸಿದ್ದು ಬರೀ ಗಾಳಿ. ಫೋನ್ ಏಕೆ ಎತ್ತುವುದಿಲ್ಲ ಎಂದು ಈಗ ತಿಳಿಯಿತಲ್ಲ.

ಒಂದು ಮಾತು ಬರೆಯಲೋ ಬೇಡವೋ ಎಂದು ವಾರವಿಡೀ ಯೋಚಿಸಿದೆ. ಕುರ್ಚಿಯಲ್ಲಿ ಕೂತ ಮೇಲೆ ನೀನು ಹತ್ತಿರ ಬಂದು ನನ್ನ ಎಡಗೆನ್ನೆಯ ಮೇಲೆ ಅಂಗೈ ಇಟ್ಟೆ. ಆಸ್ಪತ್ರೆಯವರನ್ನು ಬಿಟ್ಟರೆ ಆ ಕೆನ್ನೆಯನ್ನು ಯಾರೂ ಮುಟ್ಟಿರಲಿಲ್ಲ. ನಾನು ಕಣ್ಣು ಮುಚ್ಚಲು ನೋಡಿದೆ. ಅಷ್ಟರಲ್ಲಿ ನೀನು, “ಸ್ವಲ್ಪ ಬೆಳಕಿನ ಕಡೆ ತಿರುಗು” ಅಂದೆ.

ಆದರೂ ಮುಟ್ಟಿದೆಯಲ್ಲ. ಅದಕ್ಕೇ ಇಷ್ಟೆಲ್ಲ ಬರೆದೆ. ಇದು ನಿನಗೆ ಮಾತ್ರ.

ನಿನ್ನ ಮಗಳು


ಏಪ್ರಿಲ್ 10

ಪುಟ್ಟಿ,

ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೋ, ಅರ್ಧಕ್ಕೇ ಹರಿದು ಹಾಕಬೇಡ.

ಚಿತ್ರವನ್ನು ಪುಟಕ್ಕೆ ಹಾಕಿದೆ. ತಡೆದುಕೊಳ್ಳಲು ಆಗಲಿಲ್ಲ. ಲೆನ್ಸ್ ಬಗ್ಗೆ ಉದ್ದಕ್ಕೆ ಬರೆದೆ, ಚಿತ್ರ ತೋರಿಸದಿದ್ದರೆ ಯಾರು ನಂಬುತ್ತಾರೆ? ನಿನ್ನ ವಿಷಯ ಒಂದಕ್ಷರ ಬರೆದಿರಲಿಲ್ಲ. ಆದರೆ ಆ ಮೂರ್ಖರು ಏನೆಂದರು ಗೊತ್ತೇ? ಚಿತ್ರದ ಬಲಭಾಗ, ಅಂದರೆ ನಿನ್ನ ಎಡಗೆನ್ನೆ ಇರುವ ಪಕ್ಕ, ಜಾರಿದೆಯಂತೆ. ಲೆನ್ಸನ್ನು ಯಾರೋ ಬಿಚ್ಚಿ ಗಾಜು ಓರೆಯಾಗಿ ಕೂರಿಸಿದ್ದಾರಂತೆ. ‘ಹಿರಿಯರಿಗೆ ಟೋಪಿ ಬಿದ್ದಿದೆ’ ಎಂದು ಒಬ್ಬ, ‘ಪೇಪರ್‌ವೆಯ್ಟ್ ಆಗಿ ಇಟ್ಟುಕೊಳ್ಳಿ’ ಎಂದು ಇನ್ನೊಬ್ಬ. ಭಾನುವಾರ ಕನ್ನಡಕದವನೂ ಚಿತ್ರ ನೋಡಿ, “ಹೌದಪ್ಪ, ಆ ಪಕ್ಕ ಸರಿ ಇಲ್ಲ” ಅಂದ. ನಲವತ್ತು ವರ್ಷ ಗಾಜು ನೋಡಿದ ನನಗೆ! ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ನೀನೇ ಹೇಳು, ನಾನೇನು ಮಾಡಬೇಕಿತ್ತು? ಇದ್ದದ್ದನ್ನು ಇದ್ದ ಹಾಗೆ ಬರೆದೆ. ಲೆನ್ಸಿನದೇನೂ ತಪ್ಪಿಲ್ಲ, ಮುಖವೇ ಹಾಗಿದೆ ಎಂದೆ. ಪುರಾವೆ ಕೇಳಿದರು. ನಿನ್ನ ಪತ್ರದಿಂದ ನರದ ವಿಷಯ, ಕಣ್ಣು ಮುಚ್ಚದ ವಿಷಯ, ನೀರು ಸೋರುವ ವಿಷಯ, ಅಷ್ಟನ್ನು ಮಾತ್ರ ಎತ್ತಿ ಪುಟದಲ್ಲಿ ಹಾಕಿದೆ. ಪಕ್ಕದಲ್ಲಿ ನಿನ್ನ ಹಳೇ ಚಿತ್ರ. ಎಲ್ಲರ ಬಾಯಿ ಬಂದ್. ಲೆನ್ಸಿನ ಮಾನ ಉಳಿಯಿತು.

ಜನ ನಿನಗಾಗಿ ಎಷ್ಟು ಮರುಗಿದ್ದಾರೆ ಗೊತ್ತೇ! ಓದಿದರೆ ನಿನಗೂ ಸಮಾಧಾನವಾಗುತ್ತದೆ. ಇನ್ನೂ ಚಿತ್ರ ಕೇಳುತ್ತಿದ್ದಾರೆ. ಈ ಸಲ ಎಡಗಡೆಯಿಂದಲೇ ತೆಗೆಯುತ್ತೇನೆ.

ನಿನ್ನ ಅಪ್ಪ


ಏಪ್ರಿಲ್ 19

ತಂದೆಯವರಿಗೆ,

ನಿಮ್ಮ ಪತ್ರ ಬರುವ ಮೊದಲೇ ಮೇಲಿನ ಕೋಣೆಯ ಘೋಷಣೆಯವಳು ತನ್ನ ಫೋನಿನಲ್ಲಿ ಚಿತ್ರ ತೋರಿಸಿದಳು. ನೀರು ಕುಡಿಯುವಾಗ ನಾನು ಗೋಡೆಗೆ ತಿರುಗುವುದೇಕೆಂದು ಇಷ್ಟು ದಿನ ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ನಾನು ಲೋಟ ಎತ್ತಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ನಿನ್ನೆ ನಿಮ್ಮ ಪುಟದಲ್ಲಿ ನಾನೂ ಒಂದಿಷ್ಟು ಬರೆದಿದ್ದೇನೆ, ಓದಿ. ನಾನೇ ಕಿಟಕಿ ಹುಡುಗಿ, ನನ್ನ ಮುಖಕ್ಕೆ ಏನೂ ಆಗಿಲ್ಲ, ಲೆನ್ಸೇ ಕೆಟ್ಟದ್ದು, ನಮ್ಮ ತಂದೆ ತಾವು ಮೋಸ ಹೋದದ್ದನ್ನು ಒಪ್ಪಿಕೊಳ್ಳಲಾರದೆ ಮಗಳಿಗೆ ಇಲ್ಲದ ಕಾಯಿಲೆ ಕಟ್ಟಿದ್ದಾರೆ, ಆ ಪತ್ರವೂ ಅವರದೇ ಸೃಷ್ಟಿ ಎಂದು. ಜೊತೆಗೆ ಒಂದು ಚಿತ್ರ. ಕಿವಿಯ ಗಂಟು ಬರುವ ಮುಂಚೆ ನಿಲ್ದಾಣದಲ್ಲಿ ಜೊತೆಯವರು ತೆಗೆದದ್ದು, ನಗುತ್ತಿದ್ದೇನೆ. ಹೋದ ವಾರ ತೆಗೆದದ್ದು ಎಂದು ಬರೆದೆ.

ನಿಮ್ಮ ಓದುಗರೆಲ್ಲರೂ ನಂಬಿದ್ದಾರೆ.

ಇತಿ,
ಮಗಳು


ಮೇ 2

ಪುಟ್ಟಿ,

‘ನೀವು’ ಎಂದು ಬರೆದಿದ್ದೀಯ. ಆಗಲಿ.

ನೀನು ಮಾಡಿದ್ದು ಏನು ಎಂದು ನಿನಗೆ ಅಂದಾಜಿದೆಯಾ? ದಿನ ಬೆಳಗಾದರೆ ಬೈಗುಳ. ಲೆನ್ಸಿಗಾಗಿ ಮಗಳ ಮುಖ ಹಾಳು ಮಾಡಿದವನು, ಮೃಗ, ಏನೇನೋ. ಭಾನುವಾರದವರಲ್ಲಿ ಇಬ್ಬರು ಬರುವುದನ್ನೇ ಬಿಟ್ಟರು. ದಿನಸಿ ಅಂಗಡಿಯವಳು ಕೂಡ ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಅದೆಲ್ಲ ಹಾಳಾಗಲಿ, ಈ ಲೆನ್ಸನ್ನು ಇನ್ನು ಯಾರೂ ಗೌರವದಿಂದ ನೋಡುವುದಿಲ್ಲ. ಅದು ಏನು ಮಾಡಿತ್ತು ನಿನಗೆ?

ಸುಳ್ಳು ಹೇಳಿದವಳು ನೀನು. ನಾನು ಹೇಳಿದ್ದರಲ್ಲಿ ಒಂದು ಸುಳ್ಳು ತೋರಿಸು ನೋಡೋಣ.

ನಿನ್ನ ಪತ್ರಗಳನ್ನು ಕನ್ನಡಕದವನ ಮುಂದೆ ಹರಡಿದೆ. ಅವನು ಓದಿದ. “ಕಣ್ಣಾರೆ ನೋಡದೆ ನಾನೇನೂ ಹೇಳಲ್ಲ” ಅಂದ. ಸರಿ, ನೋಡಲಿ. ಮುಂದಿನ ಮಂಗಳವಾರ ಅವನನ್ನು ಕರೆದುಕೊಂಡು ನಿನ್ನ ನಿಲ್ದಾಣಕ್ಕೆ ಬರುತ್ತಿದ್ದೇನೆ. ನೀನೇನೂ ಮಾತಾಡಬೇಕಿಲ್ಲ. ಬೆಳಕಿರುವ ಕಡೆ ಎರಡು ನಿಮಿಷ ನಿಂತರೆ ಸಾಕು. ಅವನು ಬಂದು ಗುಂಪಿಗೆ ಹೇಳುತ್ತಾನೆ, ಗುಂಪು ಊರಿಗೆ ಹೇಳುತ್ತದೆ. ಅವನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

ಅಪ್ಪನೆಂಬ ಋಣಕ್ಕಾದರೂ ಇಷ್ಟು ಮಾಡು.

ನಿನ್ನ ಅಪ್ಪ


ಜೂನ್ 12

ಪುಟ್ಟಿ,

ನೀನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಅವತ್ತು ನಾನು ನಿನ್ನ ಕೋಣೆಯ ಬಾಗಿಲತನಕ ಬಂದಿದ್ದೆ. “ನೀನು ಇಲ್ಲೇ ಕೂತಿರು” ಎಂದು ಕನ್ನಡಕದವನು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಹೋದ. ಎಷ್ಟು ಹೊತ್ತು! ನಾನು ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಹೋಗಿಬರುವವರನ್ನು ನೋಡುತ್ತಿದ್ದೆ. ಹೊರಗೆ ಬಂದವನ ಕಣ್ಣು ಕೆಂಪಗಿತ್ತು. “ನೋಡಿದೆಯಾ?” ಅಂದೆ. “ನೋಡಿದೆ” ಅಂದ. ವಾಪಸು ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ನನಗೆ ಒಳಗೊಳಗೇ ಖುಷಿ.

ಭಾನುವಾರ ಎಲ್ಲರನ್ನೂ ಹೇಳಿ ಕಳಿಸಿ ಕರೆಸಿದೆ, ಬರುವುದನ್ನು ಬಿಟ್ಟವರನ್ನೂ. ಅವನು ಎದ್ದು ನಿಂತ. “ನಾನು ಹೋಗಿ ಆ ಮಗೂನ ನೋಡಿ ಬಂದಿದೀನಿ. ಮುಖ ಚೆನ್ನಾಗಿದೆ. ಅದಕ್ಕೇನೂ ಆಗಿಲ್ಲ. ಲೆನ್ಸೇ ಕೆಟ್ಟದ್ದು” ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ನಾನು ಅವರ ಹಿಂದೆ ಬೀದಿತನಕ ಹೋಗಿ, “ಸುಳ್ಳು ಕಣ್ರೋ, ನನ್ನ ಮಗಳ ಮುಖ ನಿಜವಾಗ್ಲೂ ಹಾಳಾಗಿದೆ” ಎಂದು ಕೂಗಿದೆ. ಕೂಗುತ್ತಿದ್ದ ಹಾಗೆ ನನ್ನ ಕಿವಿಗೇ ಅದು ಹೇಗೋ ಕೇಳಿಸಿತು. ಮನೆಗೆ ತಿರುಗಿದೆ.

ಅಂದಿನಿಂದ ಯಾರೂ ಬಂದಿಲ್ಲ. ಪುಟ ಮುಚ್ಚಿದ್ದೇನೆ. ಅಮ್ಮನ ಕೋಣೆಯ ಕಪಾಟು ಬಂತು, ಲೆನ್ಸುಗಳನ್ನೆಲ್ಲ ಜೋಡಿಸಿದೆ. ತೋರಿಸಲು ಯಾರೂ ಇಲ್ಲ.

ನನ್ನದು ತಪ್ಪಿದ್ದರೂ ಇರಬಹುದು. ಆದರೆ ಗಾಜಿನದೇನು ತಪ್ಪು?

ನಿನ್ನೆ ಬೆಳಗ್ಗೆ ಟೈಮರ್ ಹಾಕಿ ಕಿಟಕಿಯ ಕುರ್ಚಿಯಲ್ಲಿ ನಾನೇ ಕೂತೆ. ಅಲ್ಲಿ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ, ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಚಿತ್ರ ಇದರ ಜೊತೆ ಇಟ್ಟಿದ್ದೇನೆ. ನನ್ನ ಕಣ್ಣಿಗೆ ಸರಿ ಇದೆ ಅನಿಸುತ್ತದೆ, ಆದರೆ ಎಲ್ಲರೂ ಅಷ್ಟು ಹೇಳಿದ ಮೇಲೆ ನನಗೇ ಗಟ್ಟಿ ಇಲ್ಲ. ಗಂಟೆಗೊಮ್ಮೆ ನೋಡುತ್ತೇನೆ. ಒಮ್ಮೆ ಸರಿ ಕಾಣುತ್ತದೆ, ಒಮ್ಮೆ ಒಂದು ಪಕ್ಕ ಜಾರಿದ ಹಾಗೆ ಕಾಣುತ್ತದೆ. ಈ ಲೆನ್ಸುಗಳ ಜೊತೆ ಬೆಳೆದವಳು ನೀನು. ನಿನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ಬಂದಿದೆಯಾ ಇಲ್ಲವಾ, ಅಷ್ಟೇ ಬರಿ. ಬೇರೇನೂ ಬೇಡ.

ನಿನ್ನ ಅಪ್ಪ


ಜುಲೈ 3

ತಂದೆಯವರಿಗೆ,

ಕನ್ನಡಕದ ಮಾಮ ಅವತ್ತು ಒಳಗೆ ಬಂದು ಕೌಂಟರಿನ ಆಚೆ ನಿಂತರು. ನಾನು ಮುಸುಕು ತೆಗೆದೆ. ನೋಡಿಕೊಳ್ಳಿ, ನೋಡಿ ಮುಗಿಸಿ ಎಂದು ಮುಖ ಮುಂದಕ್ಕೆ ಚಾಚಿದೆ. ಅವರು ಜಾಸ್ತಿ ನೋಡಲಿಲ್ಲ. “ನೋವಾಗುತ್ತೇನಮ್ಮಾ?” ಅಂದರು. ಅಷ್ಟೇ ಕೇಳಿದ್ದು. ನಾನು ಅತ್ತೆ. ಅವರು ನನ್ನ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಅಳತೆಪಟ್ಟಿ ತೆಗೆದು ಕಣ್ಣಿನಿಂದ ಕಿವಿಗೆ, ಕಣ್ಣಿನಿಂದ ಮೂಗಿಗೆ ಅಳತೆ ತೆಗೆದುಕೊಂಡರು. ಎರಡು ವಾರದಲ್ಲಿ ಕನ್ನಡಕ ಬಂತು. ಎಡಪಕ್ಕದಲ್ಲಿ ಗಾಳಿ ಹೋಗದ ಹಾಗೆ ಮುಚ್ಚಿದೆ. ಉರಿ ಅರ್ಧ ಇಳಿದಿದೆ. ಮುಸುಕಿಲ್ಲದೆ ಕೌಂಟರಿನಲ್ಲಿ ಕೂರುತ್ತಿದ್ದೇನೆ.

ಭಾನುವಾರ ಅವರು ಹೇಳಿದ ಮಾತನ್ನು ನಾನು ಹೇಳಿಸಿದ್ದಲ್ಲ. ನಿಮ್ಮ ಪತ್ರ ಬರುವವರೆಗೆ ನನಗೆ ಅದು ಗೊತ್ತೇ ಇರಲಿಲ್ಲ.

ನಿಮ್ಮ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದೆ, ದೀಪದ ಕೆಳಗಿಟ್ಟು ನೋಡಿದೆ. ನಿಮಗೆ ಬೇಕಾದ ಉತ್ತರ ನನಗೆ ಗೊತ್ತಿದೆ. ನೀವು ಹೇಳಿದ್ದು ನಿಜ, ಗಾಜಿನ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

ಆ ಉತ್ತರವನ್ನು ನಾನು ನಿಮಗೆ ಹೇಳುವುದಿಲ್ಲ. ಈಗಲೂ ಇಲ್ಲ, ಮುಂದೆಯೂ ಇಲ್ಲ.

ಇತಿ,
ಮಗಳು